ಜಗಲಿಯ ಮೆಟ್ಟಿಲಿನಿಂದ ಆರಂಭಿಸಿ: ಬೌದ್ಧಿಕ ಸವಾಲುಳ್ಳ ಮಕ್ಕಳಿಗೆ ಚಲನೆ, ಆಟ ಮತ್ತು ಕೈಕೆಲಸ ಕಲಿಸುವ ಬಗೆ

ಕರಾವಳಿಯ ಹಳೆಯ ಮನೆಗಳಲ್ಲಿ ಜಗಲಿಯಿಂದ ಅಂಗಳಕ್ಕೆ ಇಳಿಯಲು ಮೂರೋ ನಾಲ್ಕೋ ಕೆಂಪುಕಲ್ಲಿನ ಮೆಟ್ಟಿಲುಗಳಿರುತ್ತವೆ. ವಿಶೇಷ ಶಿಕ್ಷಕಿಯಾಗಿ ಮಂಗಳೂರು, ಉಡುಪಿಯ ಸುತ್ತಮುತ್ತ ಮನೆಭೇಟಿಗೆ ಹೋದಾಗಲೆಲ್ಲ ನಾನು ಮೊದಲು ಗಮನಿಸುವುದು ಆ ಮೆಟ್ಟಿಲುಗಳ ಮೇಲೆ ಮಗು ಏನು ಮಾಡುತ್ತದೆ ಎಂಬುದನ್ನು. ಹಲವು ಮನೆಗಳಲ್ಲಿ ಅದು ಏನನ್ನೂ ಮಾಡುವುದಿಲ್ಲ. ಗೇಟಿನ ಬಳಿ ಶಾಲೆಯ ವ್ಯಾನ್ ಹಾರ್ನ್ ಹೊಡೆಯುತ್ತಿರುವುದರಿಂದ, ಏಳೆಂಟು ವರ್ಷದ ಹುಡುಗನ ಕಂಕುಳಿಗೆ ಕೈಕೊಟ್ಟು ಅಮ್ಮ ಎತ್ತಿ ಇಳಿಸಿಬಿಡುತ್ತಾರೆ. ಚಪ್ಪಲಿಯನ್ನು ಅಜ್ಜಿ ಹಾಕುತ್ತಾರೆ. ಚೀಲವನ್ನು ಅಕ್ಕ ಹೊರುತ್ತಾಳೆ. ಇದರಲ್ಲಿ ಪ್ರೀತಿಗೆ ಕೊರತೆಯೇನಿಲ್ಲ, ಆದರೆ ದಿನಕ್ಕೆ ಹತ್ತು ಬಾರಿ ಸಿಗಬಹುದಾಗಿದ್ದ ಅಭ್ಯಾಸ ಮಾತ್ರ ಹತ್ತೂ ಬಾರಿ ಕೈತಪ್ಪುತ್ತದೆ.

ಬೌದ್ಧಿಕ ಸವಾಲು ಎಂದರೆ ಕಲಿಯುವ, ತರ್ಕಿಸುವ ಶಕ್ತಿಯಲ್ಲಿಯೂ ದಿನನಿತ್ಯದ ಬದುಕಿನ ಕೌಶಲಗಳಲ್ಲಿಯೂ ಬೆಳವಣಿಗೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ ಗಣನೀಯ ಹಿಂದುಳಿಕೆ. ಇದು ಓದುಬರಹಕ್ಕೆ ಮಾತ್ರ ಸಂಬಂಧಿಸಿದ್ದು ಎಂದು ಅನೇಕರು ತಿಳಿಯುತ್ತಾರೆ. ವಾಸ್ತವದಲ್ಲಿ ಚೆಂಡನ್ನು ಹಿಡಿಯುವುದಕ್ಕೂ ಕಲಿಕೆ ಬೇಕು: ಚೆಂಡು ಎಲ್ಲಿಗೆ ಬರುತ್ತದೆ ಎಂದು ಊಹಿಸಬೇಕು, ಕೈಗಳನ್ನು ಮೊದಲೇ ಮುಂದೆ ತರಬೇಕು, ತಾಗಿದ ಕ್ಷಣದಲ್ಲಿ ಬೆರಳು ಮಡಚಬೇಕು. ಈ ಯೋಜನೆಯನ್ನು ಮೆದುಳು ನಿಧಾನವಾಗಿ ಕಲಿಯುವುದರಿಂದ ಕೈಕಾಲುಗಳಲ್ಲಿ ದೋಷವಿಲ್ಲದಿದ್ದರೂ ಚಲನೆ ತಡವಾಗುತ್ತದೆ. ಹುಟ್ಟಿನಿಂದಲೇ ಒಂದು ವರ್ಣತಂತು (ಕ್ರೋಮೋಸೋಮ್) ಹೆಚ್ಚಿರುವ ಡೌನ್ ಸಿಂಡ್ರೋಮ್‌ನಂತಹ ಸ್ಥಿತಿಗಳಲ್ಲಿ ಇದರೊಂದಿಗೆ ಸ್ನಾಯುಗಳ ಸಡಿಲತೆ, ಕೀಲುಗಳ ಅತಿಯಾದ ಬಾಗುವಿಕೆಯೂ ಸೇರಿಕೊಂಡಿರುತ್ತವೆ. ಆ ಮಕ್ಕಳು ಸರಾಸರಿ ಎರಡು ವರ್ಷದ ಆಸುಪಾಸಿನಲ್ಲಿ ನಡೆಯಲಾರಂಭಿಸುತ್ತಾರೆ. ಇವೆಲ್ಲದರ ಜೊತೆಗೆ, ಕಲಿಯಲು ಹೆಚ್ಚು ಅವಕಾಶ ಬೇಕಾದ ಮಗುವಿಗೇ ಮನೆಯಲ್ಲಿ ಕಡಿಮೆ ಅವಕಾಶ ಸಿಗುತ್ತದೆ ಎಂಬುದು ನನ್ನ ಅನುಭವ, ಮತ್ತು ನಮ್ಮ ಕೈಯಲ್ಲಿ ಸರಿಪಡಿಸಬಹುದಾದ ಕಾರಣ ಅದೊಂದೇ.

ಮೊದಲು ವೈದ್ಯರ ಬಳಿಗೆ

ವ್ಯಾಯಾಮ ಆರಂಭಿಸುವ ಮುನ್ನ ಮಕ್ಕಳ ವೈದ್ಯರಲ್ಲಿ ಹೃದಯ, ಥೈರಾಯಿಡ್, ಕಣ್ಣು, ಕಿವಿ ಮತ್ತು ಪಾದಗಳ ತಪಾಸಣೆ ಮಾಡಿಸಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದರಿಂದ, ‘ಈಗ ಆರಾಮವಾಗಿದ್ದಾನಲ್ಲ’ ಎಂದುಕೊಂಡು ಇದನ್ನು ಬಿಡುವಂತಿಲ್ಲ. ಕಣ್ಣು ಸರಿಯಾಗಿ ಕಾಣದ ಮಗುವಿಗೆ ಚೆಂಡಾಟ ಬರುವುದಿಲ್ಲ ಎಂದು ಆರು ತಿಂಗಳು ಒದ್ದಾಡಿ, ಕೊನೆಗೆ ಕನ್ನಡಕ ಬಂದ ಮೇಲೆ ಎರಡೇ ವಾರದಲ್ಲಿ ಅದು ಹಿಡಿಯಲು ಕಲಿತದ್ದನ್ನು ನಾನೇ ಕಂಡಿದ್ದೇನೆ.

ಡೌನ್ ಸಿಂಡ್ರೋಮ್‌ನಲ್ಲಿ ಕತ್ತಿನ ಮೇಲ್ಭಾಗದ ಮೊದಲ ಎರಡು ಮೂಳೆಗಳ ನಡುವಿನ ಹಿಡಿತ ಕೆಲವರಿಗೆ ಸಡಿಲವಾಗಿರುತ್ತದೆ. ಆದ್ದರಿಂದ ವೈದ್ಯರು ಒಪ್ಪುವವರೆಗೆ ಲಾಗ ಹಾಕಿಸುವುದು, ತಲೆಯೂರಿ ನಿಲ್ಲಿಸುವುದು, ತಲೆ ಮುಂದಾಗಿ ನೀರಿಗೆ ಧುಮುಕಿಸುವುದು, ಟ್ರ್ಯಾಂಪೊಲಿನ್ ಮೇಲೆ ಕುಣಿಸುವುದು ಬೇಡ. ಕತ್ತು ನೋವು, ಕತ್ತು ಒಂದೇ ಕಡೆಗೆ ವಾಲುವುದು, ಚೆನ್ನಾಗಿ ನಡೆಯುತ್ತಿದ್ದ ಮಗು ಎಡವತೊಡಗುವುದು, ಕೈಯ ಹಿಡಿತ ಕುಂದುವುದು, ಮೂತ್ರದ ಹತೋಟಿ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಆಟವನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಫಿಟ್ಸ್ ಬರುವ ಮಕ್ಕಳನ್ನು ಎತ್ತರಕ್ಕೆ ಹತ್ತಿಸಬಾರದು. ನೀರಿಗಿಳಿದರೆ ಕೈಯಳತೆಯೊಳಗೆ ಒಬ್ಬ ದೊಡ್ಡವರು ಇರಲೇಬೇಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ತಪಾಸಣಾ ತಂಡ ಬರುತ್ತದೆ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳುಹಿಸುವ ಏರ್ಪಾಡೂ ಇದೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದರೆ ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿಯಿಂದ ಆರಂಭಿಸಿ ಎಲ್ಲಿಗೆ, ಯಾರ ಬಳಿ ಹೋಗಬೇಕೆಂಬುದನ್ನು ಅವರು ತಿಳಿಸುತ್ತಾರೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯ ಮಿತಿ 1 ಲಕ್ಷ ರೂಪಾಯಿ. ಥೆರಪಿಯ ವೆಚ್ಚವೂ ಅದರೊಳಗೆ ಬರುತ್ತದೆ ಎಂಬುದು ಅನೇಕ ಪೋಷಕರಿಗೆ ಗೊತ್ತಿರುವುದಿಲ್ಲವಾದ್ದರಿಂದ ಇಲ್ಲಿ ಹೇಳಿದ್ದೇನೆ.

ಒಂದು ವಾರ ಸುಮ್ಮನೆ ನೋಡಿ, ಬರೆದಿಡಿ

ಕಲಿಸಲು ಹೊರಡುವ ಮೊದಲು ಒಂದು ವಾರ ಏನನ್ನೂ ಕಲಿಸಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಮಗು ಈಗ ಏನು ಮಾಡುತ್ತದೆ ಎಂದು ಬರೆಯಿರಿ. ನೆಲದಿಂದ ಏಳುವಾಗ ಕೈ ಊರುತ್ತದೆಯೇ? ಮೆಟ್ಟಿಲಿಗೊಂದು ಕಾಲಿಟ್ಟು ಹತ್ತುತ್ತದೆಯೇ, ಅಥವಾ ಪ್ರತಿ ಮೆಟ್ಟಿಲಿನಲ್ಲೂ ಎರಡೂ ಕಾಲು ಜೋಡಿಸಿ ನಿಲ್ಲುತ್ತದೆಯೇ? ಗೋಡೆ ಹಿಡಿಯದೆ ಒಂಟಿಕಾಲಿನಲ್ಲಿ ಎಷ್ಟು ಎಣಿಸುವವರೆಗೆ ನಿಲ್ಲುತ್ತದೆ? ತಟ್ಟೆಯಿಂದ ಕಡಲೆಕಾಳನ್ನು ಎತ್ತುವಾಗ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸೇರುತ್ತವೆಯೇ, ಇಲ್ಲವೇ ಇಡೀ ಅಂಗೈಯಿಂದ ಬಾಚುತ್ತದೆಯೇ?

‘ಬರುವುದಿಲ್ಲ’ ಎಂದು ಬರೆಯುವುದು ಪ್ರಯೋಜನಕ್ಕೆ ಬಾರದು. ‘ಬಲಗೈಯಿಂದ ಸರಳು ಹಿಡಿದರೆ ಎರಡು ಮೆಟ್ಟಿಲು ಇಳಿಯುತ್ತಾಳೆ, ಮೂರನೆಯದರಲ್ಲಿ ಕುಳಿತುಬಿಡುತ್ತಾಳೆ’ ಎಂದು ಬರೆದರೆ ನಾಳೆ ಎಲ್ಲಿಂದ ಆರಂಭಿಸಬೇಕೆಂದು ಆ ವಾಕ್ಯವೇ ಹೇಳುತ್ತದೆ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ವಯಸ್ಸಿನ ಪಟ್ಟಿಯೊಡನೆ ಹೋಲಿಸಿ ಬೇಸರಪಡುವ ಅಗತ್ಯವಿಲ್ಲ. ನಮಗೆ ಬೇಕಾಗಿರುವುದು ಕ್ರಮ ಮಾತ್ರ. ನಡಿಗೆಯ ನಂತರ ಓಟ, ಓಟದ ನಂತರ ತಗ್ಗಿಗೆ ಜಿಗಿಯುವುದು, ಆಮೇಲೆ ನಿಂತಲ್ಲೇ ಜಿಗಿಯುವುದು, ಒಂಟಿಕಾಲಿನ ನಿಲುವು, ಕೊನೆಗೆ ಕುಂಟುವುದು. ಮಗು ಈ ಸಾಲಿನಲ್ಲಿ ಎಲ್ಲಿ ನಿಂತಿದೆಯೋ ಅದರ ಮುಂದಿನದನ್ನು ಆರಿಸಿಕೊಳ್ಳಿ. ನಿಂತಲ್ಲೇ ಜಿಗಿಯಲು ಬಾರದ ಮಗುವನ್ನು ಕುಂಟೆಬಿಲ್ಲೆಗೆ ನಿಲ್ಲಿಸಿದರೆ ಅದು ಆಟವನ್ನೇ ದ್ವೇಷಿಸತೊಡಗುತ್ತದೆ.

ಒಂದೇ ಕೆಲಸ, ಚೂರುಚೂರಾಗಿ

ಒಮ್ಮೆಗೆ ಒಂದು ದೊಡ್ಡ ಚಲನೆ, ಒಂದು ಬೆರಳಿನ ಕೆಲಸ. ಇದಕ್ಕಿಂತ ಹೆಚ್ಚು ಬೇಡ. ಜಿಗಿತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ಮೊಣಕಾಲು ಮಡಚಿ ಏಳುವುದು: ಸಣ್ಣ ಮಣೆಯ ಮೇಲೆ ಕೂರಿಸಿ, ಮುಂದೆ ಆಟಿಕೆ ಹಿಡಿದು, ಕೈ ಊರದೆ ಏಳಿಸುವುದನ್ನು ದಿನಕ್ಕೆ ಎಂಟು ಹತ್ತು ಬಾರಿ ಮಾಡಿ. ಎರಡನೆಯದು, ನಿಂತಲ್ಲೇ ಕುಗ್ಗಿ ಹಿಮ್ಮಡಿ ಎತ್ತಿ ನಿಲ್ಲುವುದು. ಮೂರನೆಯದು, ನಾಲ್ಕೈದು ಅಂಗುಲ ಎತ್ತರದ, ಅಲುಗಾಡದ ಮಣೆಯ ಮೇಲಿನಿಂದ ಒಂದು ಕಾಲನ್ನು ಮುಂದಿಟ್ಟು ಇಳಿಯುವುದು. ನಾಲ್ಕನೆಯದು, ನೀವು ಎದುರು ನಿಂತು ಸೊಂಟದ ಎರಡೂ ಬದಿಯಲ್ಲಿ ಕೈಯಿಟ್ಟು, ಎರಡೂ ಕಾಲು ಒಟ್ಟಿಗೆ ನೆಲಕ್ಕೆ ತಾಗುವಂತೆ ಇಳಿಸುವುದು. ಮಗುವಿನ ಕೈಗಳನ್ನು ಹಿಡಿದು ಮೇಲೆಳೆಯಬೇಡಿ. ಹಾಗೆ ಎಳೆದರೆ ಜಿಗಿಯುವವರು ನೀವು, ಮಗು ಬರಿದೇ ನೇತಾಡುತ್ತದೆ. ಸಡಿಲ ಕೀಲುಗಳಿರುವ ಮಗುವಿನ ಭುಜಕ್ಕೂ ಅದು ಅಪಾಯಕಾರಿ. ಐದನೆಯದು, ಸೊಂಟದ ಮೇಲಿನ ಹಿಡಿತವನ್ನು ಎರಡು ಬೆರಳಿನ ಸ್ಪರ್ಶಕ್ಕೆ ಇಳಿಸಿ, ನಂತರ ಅದನ್ನೂ ತೆಗೆಯುವುದು. ಒಂದು ಹಂತವನ್ನು ಐದು ಬಾರಿಯಲ್ಲಿ ನಾಲ್ಕು ಬಾರಿಯಾದರೂ ಸರಿಯಾಗಿ, ಮೂರು ದಿನ ಸಾಲಾಗಿ ಮಾಡಿದ ಮೇಲೆ ಮುಂದಿನದಕ್ಕೆ ಹೋಗುವುದು ನಾನು ಇಟ್ಟುಕೊಂಡಿರುವ ಲೆಕ್ಕ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಮಂಗಳೂರಿನ ಹೊರವಲಯದ ಒಂದು ಮನೆಯಲ್ಲಿ ಒಂಬತ್ತು ವರ್ಷದ ಹುಡುಗನಿಗೆ ಐದು ವಾರ ಜಿಗಿತ ಕಲಿಸಿದೆ. ‘ಹಾರು’ ಎಂದೊಡನೆ ಅವನು ಕಾಲೆತ್ತುವ ಬದಲು ತಲೆಯೆತ್ತುತ್ತಿದ್ದ. ಗಮನ ಕಡಿಮೆ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಜಗಲಿಯಲ್ಲಿ ವೀಳ್ಯದೆಲೆಯ ತಟ್ಟೆ ಇಟ್ಟುಕೊಂಡು ಕುಳಿತಿದ್ದ ಅವನ ಅಜ್ಜಿ ಒಂದು ದಿನ, “ನೀವು ಹಾರು ಅಂದ್ರೆ ಅವ ಕಾಗೆ ಎಲ್ಲುಂಟು ಅಂತ ನೋಡುದು ಟೀಚರ್” ಎಂದರು. ಹುಡುಗನಿಗೆ ಗೊತ್ತಿದ್ದ ‘ಹಾರು’ ಕಾಗೆಯದ್ದಾಗಿತ್ತು. ಅಜ್ಜಿಯೇ ಸೂಚಿಸಿದಂತೆ ಆ ಪದವನ್ನು ಬಿಟ್ಟು, ಮಣೆಯ ಮೇಲೆ ನಿಲ್ಲಿಸಿ ‘ದುಡುಂ’ ಎನ್ನಲಾರಂಭಿಸಿದೆವು. ಎಂಟನೆಯ ದಿನ ಅವನು ತಾನೇ ‘ದುಡುಂ’ ಎಂದುಕೊಂಡು ಎರಡೂ ಕಾಲೂರಿ ಅಂಗಳಕ್ಕಿಳಿದ.

ನಮ್ಮ ಜಿಲ್ಲೆಗಳಲ್ಲಿ ಈ ತೊಡಕು ಹೆಚ್ಚು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಥೆರಪಿ ಕೇಂದ್ರದಲ್ಲಿ ಇಂಗ್ಲಿಷ್. ಹೀಗೆ ಒಂದೇ ಚಲನೆಗೆ ‘ಲಾಗ್’, ‘ಹಾರು’, ‘ಜಂಪ್’ ಎಂಬ ಮೂರು ಆಜ್ಞೆಗಳು ಮಗುವಿನ ಕಿವಿಗೆ ಬೀಳುತ್ತವೆ. ಬೇರೆ ಮಕ್ಕಳು ಇದನ್ನು ಸಲೀಸಾಗಿ ನಿಭಾಯಿಸುತ್ತಾರೆ. ನಮ್ಮ ಮಕ್ಕಳಿಗೆ ಕಲಿಯುವ ಚಲನೆಗೆ ಒಂದೇ ಪದ ಇರಲಿ, ಅದು ಮನೆಯ ಪದವಾಗಿರಲಿ, ಮತ್ತು ಅದನ್ನು ಚೀಟಿಯಲ್ಲಿ ಬರೆದು ಶಾಲೆಯ ಟೀಚರಿಗೂ ಫಿಸಿಯೋಥೆರಪಿಸ್ಟರಿಗೂ ಕೊಡಿ.

ಆಜ್ಞೆಗಿಂತ ಮೊದಲು ನೀವೇ ಒಮ್ಮೆ ಮಾಡಿ ತೋರಿಸಿ. ಮಾತಿಗಿಂತ ನೋಟದಿಂದ ಈ ಮಕ್ಕಳು ಬೇಗ ಕಲಿಯುತ್ತಾರೆ. ಪದ ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯಿರಿ. ನಿಜಕ್ಕೂ ಕಷ್ಟದ್ದು ಇದೇ. ಮೂರು ಎಣಿಸುವಷ್ಟರಲ್ಲಿ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ, ಮಗುವಿಗೆ ಅರ್ಥವಾಗುವುದು ಏಳನೆಯ ಎಣಿಕೆಗೆ. ಮಾಡಿದೊಡನೆ ಏನು ಸರಿಯಾಯಿತೋ ಅದನ್ನೇ ಹೆಸರಿಸಿ ಮೆಚ್ಚಿಕೊಳ್ಳಿ. ಪ್ರತಿ ಬಾರಿಯೂ ಚಾಕೊಲೇಟ್ ಕೊಡುವ ರೂಢಿ ಬೇಡ. ಬೊಜ್ಜು ಈ ಮಕ್ಕಳಲ್ಲಿ ಮೊದಲೇ ಹೆಚ್ಚು.

ಅಂಗಿಯ ಗುಂಡಿ, ಚಪ್ಪಲಿಯ ಪಟ್ಟಿಯಂತಹ ಕೆಲಸಗಳನ್ನು ಹಿಂದಿನಿಂದ ಕಲಿಸುವುದು ಸುಲಭ. ಗುಂಡಿಯನ್ನು ನೀವು ಮುಕ್ಕಾಲು ಪಾಲು ತೂರಿಸಿ, ಕೊನೆಯ ಎಳೆತವನ್ನು ಮಗುವಿಗೆ ಬಿಡಿ. ಅದು ಬಂದ ಮೇಲೆ ಅರ್ಧ ತೂರಿಸಿ ಬಿಡಿ. ಹೀಗೆ ಮಾಡಿದಾಗ ಕೆಲಸ ಮುಗಿಸಿದ ಸಂತೋಷ ಪ್ರತಿದಿನವೂ ಮಗುವಿನ ಪಾಲಿಗೇ ಬರುತ್ತದೆ. ಅಭ್ಯಾಸಕ್ಕೆ ಮಗು ತೊಟ್ಟ ಅಂಗಿಯಲ್ಲ, ಮಡಿಲ ಮೇಲೆ ಹರಡಿದ ಅಪ್ಪನ ಹಳೆಯ ಅಂಗಿ ಉತ್ತಮ. ಗುಂಡಿ ದೊಡ್ಡದು, ಕಣ್ಣಿಗೂ ಕಾಣುತ್ತದೆ.

ಸಾಧನಗಳು ಮನೆಯಲ್ಲೇ ಇವೆ

ದುಬಾರಿ ಸಾಮಗ್ರಿಯ ಪಟ್ಟಿ ಹಿಡಿದು ಬರುವ ಪೋಷಕರಿಗೆ ನಾನು ಮೊದಲು ಕೇಳುವುದು, “ನಿಮ್ಮ ಕಡೆ ಅಡಿಕೆ ತೋಟ ಉಂಟಾ?” ಎಂದು. ಬಿದ್ದ ಅಡಿಕೆ ಸೋಗೆಯ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ, ಇನ್ನೊಬ್ಬರು ಗರಿಯ ತುದಿ ಹಿಡಿದು ಅಂಗಳದುದ್ದಕ್ಕೂ ಎಳೆಯುವ ಆಟ ನಾವೆಲ್ಲರೂ ಆಡಿದ್ದೇ. ಕುಳಿತ ಮಗು ಬೀಳದಂತೆ ಬೆನ್ನು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯುತ್ತದೆ, ಎರಡೂ ಕೈಯಿಂದ ದಂಟನ್ನು ಭದ್ರವಾಗಿ ಹಿಡಿಯುತ್ತದೆ, ತಿರುವಿನಲ್ಲಿ ಮೈಯನ್ನು ಎದುರು ಬದಿಗೆ ವಾಲಿಸುತ್ತದೆ. ಎಳೆಯುವ ಸರದಿ ಬಂದಾಗ ತೊಡೆ ಮತ್ತು ಮೀನಖಂಡಗಳಿಗೆ ಒಳ್ಳೆಯ ಶ್ರಮ. ಸರದಿ ಕಾಯುವುದನ್ನೂ ಅದು ಕಲಿಸುತ್ತದೆ. ನಿಧಾನವಾಗಿ ನೇರ ಎಳೆತದಿಂದ ಆರಂಭಿಸಿ, ಮಗು ಸ್ಥಿರವಾಗಿ ಕೂರಲು ಕಲಿತ ಮೇಲೆ ತಿರುವುಗಳನ್ನು ಸೇರಿಸಿ. ಹಾಳೆಯ ಅಂಚು ಕೊಯ್ಯುವಂತಿದ್ದರೆ ಬಟ್ಟೆ ಸುತ್ತಿ.

ಬಾವಿಕಟ್ಟೆಯ ಬಳಿಯಿಂದ ಅರ್ಧ ತುಂಬಿದ ಸಣ್ಣ ಕೊಡಪಾನವನ್ನು ದೊಡ್ಡವರ ಕಣ್ಣೆದುರು ಹೊತ್ತು ತರುವುದು, ಒದ್ದೆ ಬಟ್ಟೆ ಹಿಂಡಿ ತಂತಿಗೆ ಹರಡಿ ಕ್ಲಿಪ್ ಹಾಕುವುದು, ಹಿಡಿಸೂಡಿಯಿಂದ ಗುಡಿಸುವುದು, ಚಪಾತಿ ಹಿಟ್ಟು ನಾದುವುದು, ಇವೆಲ್ಲ ಭುಜ, ಮಣಿಕಟ್ಟು, ಬೆರಳುಗಳಿಗೆ ವ್ಯಾಯಾಮವೇ. ಬಟ್ಟೆಯ ಕ್ಲಿಪ್ ಒತ್ತಲು ಬೇಕಾದ ಎರಡು ಬೆರಳಿನ ಬಲ ಮುಂದೆ ಪೆನ್ಸಿಲ್ ಹಿಡಿಯುವಾಗ ಒದಗಿಬರುತ್ತದೆ. ಮಲ್ಲಿಗೆ ಕಟ್ಟುವ ಮನೆಗಳಲ್ಲಿ ಮೊಗ್ಗುಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿಡುವ ಕೆಲಸವನ್ನು ಮಗುವಿಗೆ ಕೊಡಬಹುದು. ಗಂಟು ಹಾಕುವುದು ಬಹಳ ಮುಂದಿನ ಮಾತು.

ಎಷ್ಟು ಹೊತ್ತು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯು 5ರಿಂದ 17 ವರ್ಷದ, ಅಂಗವೈಕಲ್ಯವುಳ್ಳ ಮಕ್ಕಳಿಗೂ ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷಗಳ, ಉಸಿರು ತುಸು ಏರುವಂತಹ ಚಟುವಟಿಕೆಯನ್ನು ಹೇಳುತ್ತದೆ. ವಾರದಲ್ಲಿ ಕನಿಷ್ಠ 3 ದಿನ ಸ್ನಾಯು, ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕು. ಇದನ್ನು ಓದಿ ಮೊದಲ ದಿನವೇ ಒಂದು ಗಂಟೆ ಓಡಿಸಬೇಡಿ. ಹತ್ತು ನಿಮಿಷದಿಂದ ಆರಂಭಿಸಿ, ವಾರಕ್ಕೆ ಐದು ನಿಮಿಷದಂತೆ ಏರಿಸಿ, ಬೆಳಿಗ್ಗೆ ಸ್ವಲ್ಪ ಸಂಜೆ ಸ್ವಲ್ಪ ಎಂದು ಹಂಚಿ. ಯಾವ ಸಮಯವಾದರೂ ಸರಿ, ಆದರೆ ಪ್ರತಿದಿನ ಅದೇ ಸಮಯ, ಅದೇ ಕ್ರಮ ಇರಲಿ. ದಿನಚರಿ ಗೊತ್ತಿರುವ ಮಗು ಹಟ ಮಾಡುವುದು ಕಡಿಮೆ.

ನಮ್ಮ ಊರಿನ ಸೆಕೆಯಲ್ಲಿ ಬೆವರು ಆರುವುದಿಲ್ಲವಾದ್ದರಿಂದ ಮಾರ್ಚಿನಿಂದ ಮೇ ತನಕ ಬೆಳಿಗ್ಗೆ ಎಂಟೂವರೆಯ ಮೊದಲು ಇಲ್ಲವೇ ಸಂಜೆ ಐದರ ನಂತರ ಮಾತ್ರ ಹೊರಾಂಗಣದ ಆಟ ಇಟ್ಟುಕೊಳ್ಳಿ. ಬಾಯಾರಿಕೆಯನ್ನು ಹೇಳಿಕೊಳ್ಳಲು ಬಾರದ ಮಗುವಿಗೆ ಕಾಲು ಗಂಟೆಗೊಮ್ಮೆ ನೀವೇ ನೀರು ಅಥವಾ ಉಪ್ಪು ಬೆರೆಸಿದ ಮಜ್ಜಿಗೆ ನೀರು ಕೊಡಬೇಕು. ದಣಿವನ್ನು ನಾಡಿಬಡಿತದಿಂದ ಅಳೆಯಬೇಡಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಅದು ಬೇರೆಯವರಷ್ಟು ಏರುವುದಿಲ್ಲ. ತುಟಿ ನೀಲಿಗಟ್ಟುವುದು, ಮುಖ ಬಿಳಿಚುವುದು, ಮೇಲಿಂದ ಮೇಲೆ ಕುಕ್ಕರಗಾಲಿನಲ್ಲಿ ಕೂರುವುದು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮಳೆಗಾಲ, ಕಡಲು, ಈಜುಕೊಳ

ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಅಂಗಳ ಪಾಚಿಗಟ್ಟಿರುತ್ತದೆ. ಆ ನಾಲ್ಕು ತಿಂಗಳಲ್ಲಿ ಕಲಿತದ್ದು ಮರೆತುಹೋಗುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ, ಆದ್ದರಿಂದ ಮೇ ತಿಂಗಳಲ್ಲೇ ಒಳಾಂಗಣದ ವ್ಯವಸ್ಥೆ ಮಾಡಿಕೊಳ್ಳಿ. ಚಾವಡಿಯಲ್ಲಿ ದಿಂಬು, ಮಡಚಿದ ಕಂಬಳಿ, ಚಾಪೆಗಳನ್ನು ಸಾಲಾಗಿ ಹಾಕಿ ಅವುಗಳ ಮೇಲೆ ನಡೆಸಿದರೆ ಪಾದ ಮತ್ತು ಹರಡು ಗಟ್ಟಿಯಾಗುತ್ತವೆ. ಆಟಿ ತಿಂಗಳ ಚೆನ್ನೆಮಣೆಯಂತೂ ಬೆರಳಿನ ಕೆಲಸಕ್ಕೆ ಹೇಳಿಮಾಡಿಸಿದ್ದು: ಏಳೇಳರ ಎರಡು ಸಾಲು, ಹದಿನಾಲ್ಕು ಗುಳಿ, ಒಂದೊಂದೇ ಕಾಯಿ ಬಿಡುತ್ತಾ ಸಾಗಬೇಕು. ಆಟದ ನಿಯಮ ಮಗುವಿಗೆ ತಿಳಿಯದಿದ್ದರೂ ಗುಳಿಗೊಂದು ಕಾಯಿ ಹಾಕಿದರೆ ನಮ್ಮ ಕೆಲಸವಾಯಿತು. ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಸಣ್ಣ ಕಾಯಿ ಬೇಡವೇ ಬೇಡ. ಇಡ್ಲಿ ತಟ್ಟೆಯ ಗುಳಿಗಳಿಗೆ ನಿಂಬೆಹಣ್ಣು ಇಡಿಸಿ. ಗುಲಗಂಜಿ ವಿಷಕಾರಿಯಾದ್ದರಿಂದ ಯಾವ ಮಗುವಿನ ಕೈಗೂ ಕೊಡಬಾರದು.

ಹುಲಿವೇಷದ ಹೆಜ್ಜೆಗಳನ್ನು ನಾನು ಧಾರಾಳವಾಗಿ ಬಳಸುತ್ತೇನೆ. ಕಾಲಗಲಿಸಿ, ಮೊಣಕಾಲು ಮಡಚಿ, ತಾಸೆ ವಾದ್ಯದ ಬಡಿತಕ್ಕೆ ಸರಿಯಾಗಿ ಅತ್ತಿತ್ತ ವಾಲುವ ಆ ನಿಲುವು ತೊಡೆಗಳಿಗೆ ಯಾವ ಕಸರತ್ತಿಗೂ ಕಡಿಮೆಯಿಲ್ಲ. ಉಡುಪಿಯ ಅಷ್ಟಮಿಯನ್ನೋ ಮಂಗಳೂರಿನ ದಸರೆಯನ್ನೋ ಕಂಡ ಮಗುವಿಗೆ ಅದನ್ನು ವಿವರಿಸಬೇಕಾಗಿಯೂ ಇಲ್ಲ. ದೊಡ್ಡ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಕ್ಕಳಿಗೆ ಮೊಬೈಲಿನಲ್ಲಿ ಸಣ್ಣ ದನಿಯಿಂದ ಆರಂಭಿಸಿ.

ಮಳೆಗಾಲ ಕಳೆದ ಮೇಲೆ ಪಣಂಬೂರು, ತಣ್ಣೀರುಬಾವಿ, ಮಲ್ಪೆಯ ಮರಳು ಎಲ್ಲರಿಗೂ ಪುಕ್ಕಟೆಯಾಗಿ ಸಿಗುವ ವ್ಯಾಯಾಮಶಾಲೆ. ಒಣ ಮರಳಿನಲ್ಲಿ ನಡೆಯಲು ಹೆಚ್ಚು ಬಲ ಬೇಕು, ಬಿದ್ದರೆ ನೋವಿಲ್ಲ. ಬರಿಗಾಲಿಗೆ ಮರಳು ತಾಗಿದರೆ ಕಿರುಚುವ ಮಗುವನ್ನು ಒತ್ತಾಯಿಸದೆ, ಮೊದಲು ಚಪ್ಪಲಿಯೊಡನೆ, ಆಮೇಲೆ ಒದ್ದೆ ಮರಳಿನ ಮೇಲೆ ನಡೆಸಿ. ನೀರಿಗೆ ಮಾತ್ರ ಇಳಿಸಬೇಡಿ; ಅಲೆಯ ಸೆಳೆತವನ್ನು ಈ ಮಕ್ಕಳು ಅಂದಾಜಿಸಲಾರರು. ನೀರಿನ ಅಭ್ಯಾಸಕ್ಕೆ ಜನಸಂದಣಿಯಿಲ್ಲದ ಹೊತ್ತಿನ ಈಜುಕೊಳ, ಎದೆಮಟ್ಟದ ನೀರು, ಒಬ್ಬ ಮಗುವಿಗೆ ಒಬ್ಬ ದೊಡ್ಡವರು ಎಂಬ ಕ್ರಮ ಸಾಕು.

ಶಾಲೆಯ ಮೈದಾನ

ಒಂದು ಶಾಲೆಯ ಕ್ರೀಡಾಕೂಟದಲ್ಲಿ ನನ್ನ ವಿದ್ಯಾರ್ಥಿನಿಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಬಹುಮಾನದ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಯಾರೂ ಅವಳನ್ನು ಬೈದಿರಲಿಲ್ಲ, ಬಿಸ್ಕೆಟು ಕೂಡ ಕೊಟ್ಟಿದ್ದರು; ಓಡಲು ಮಾತ್ರ ಕರೆದಿರಲಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016, ಕ್ರೀಡೆ ಮತ್ತು ಮನರಂಜನಾ ಚಟುವಟಿಕೆಗಳಲ್ಲಿ ಇತರರೊಂದಿಗೆ ಸಮಾನ ಅವಕಾಶವನ್ನು ಶಾಲೆಗಳಿಂದ ನಿರೀಕ್ಷಿಸುತ್ತದೆ. ಕಾಯ್ದೆಯನ್ನು ಮುಂದೊಡ್ಡುವ ಮೊದಲು ದೈಹಿಕ ಶಿಕ್ಷಕರ ಬಳಿ ಹೋಗಿ ನಿರ್ದಿಷ್ಟವಾಗಿ ಕೇಳಿ: ‘ರಿಲೇಯ ಮೊದಲ ಓಟ ಇವಳಿಗೆ ಕೊಡಿ ಸರ್, ಅರ್ಧ ದೂರ ಓಡುತ್ತಾಳೆ, ಪಕ್ಕದಲ್ಲಿ ಒಬ್ಬ ಗೆಳತಿ ಓಡಲಿ.’ ಲಗೋರಿಯಲ್ಲಿ ಕಲ್ಲಿನ ಬದಲು ದೊಡ್ಡ ಡಬ್ಬಿ, ರಬ್ಬರ್ ಚೆಂಡಿನ ಬದಲು ಕಾಲುಚೀಲದ ಉಂಡೆ, ಎಸೆಯುವ ದೂರ ಅರ್ಧಕ್ಕೆ ಇಳಿಕೆ. ಇಷ್ಟೇ ಬದಲಾವಣೆಯಿಂದ ಇಡೀ ತರಗತಿಯ ಆಟದೊಳಗೆ ಮಗು ಬರುತ್ತದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇದನ್ನು ಶಾಲೆಗೆ ಬಂದು ತಿಳಿಸಿಕೊಡಬಲ್ಲರು.

ಸ್ಪರ್ಧೆಯ ಆಸೆಯಿದ್ದರೆ ಬೌದ್ಧಿಕ ಸವಾಲುಳ್ಳವರಿಗಾಗಿಯೇ ಇರುವ ಸ್ಪೆಷಲ್ ಒಲಿಂಪಿಕ್ಸ್ ಇದೆ. 1968ರಲ್ಲಿ ಷಿಕಾಗೋದಲ್ಲಿ ಆರಂಭವಾದ ಈ ಚಳವಳಿ ಭಾರತದಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಹೆಸರಿನಲ್ಲಿ ನಡೆಯುತ್ತಿದೆ. ಸ್ಪರ್ಧೆಗೆ 8 ವರ್ಷ ತುಂಬಿರಬೇಕು. 2ರಿಂದ 7 ವರ್ಷದವರಿಗೆ ಆಟದ ಮೂಲಕ ಚಲನೆ ಕಲಿಸುವ ಪ್ರತ್ಯೇಕ ಕಾರ್ಯಕ್ರಮವಿದೆ. ಚೆಂಡನ್ನು ಉರುಳಿಸಿ ಗುರಿಯ ಹತ್ತಿರಕ್ಕೆ ತರುವ ಬೋಚೆ ಆಟ ಓಡಲಾರದ ಮಕ್ಕಳಿಗೂ ಒಗ್ಗುತ್ತದೆ. ಬೆಂದೂರಿನ ಸೇಂಟ್ ಆಗ್ನೆಸ್, ಶಕ್ತಿನಗರದ ಸಾನಿಧ್ಯ, ಉಡುಪಿಯ ಆಶಾನಿಲಯದಂತಹ ವಿಶೇಷ ಶಾಲೆಗಳಲ್ಲಿ ವಿಚಾರಿಸಿದರೆ ಹತ್ತಿರದ ತರಬೇತಿಯ ದಾರಿ ತಿಳಿಯಬಹುದು.

ಮೂರು ತಿಂಗಳಿಗೊಮ್ಮೆ, ಮೊದಲ ವಾರ ತೆಗೆದ ಜಾಗದಲ್ಲೇ ಮೊಬೈಲ್ ಇಟ್ಟು, ಅದೇ ಮೆಟ್ಟಿಲನ್ನು ಮಗು ಇಳಿಯುವ ವಿಡಿಯೋ ಮತ್ತೆ ತೆಗೆಯಿರಿ. ದಿನವೂ ನೋಡುವ ಕಣ್ಣಿಗೆ ಕಾಣದ ಬದಲಾವಣೆ ಅಲ್ಲಿ ಕಾಣುತ್ತದೆ. ಒಂದೇ ಹಂತದಲ್ಲಿ ಆರು ವಾರ ನಿಂತಿದ್ದರೆ ಹಂತವನ್ನು ಇನ್ನೆರಡು ಚೂರಾಗಿಸಿ, ಹೇಳುವ ಪದ ಮಗುವಿಗೆ ನಿಜಕ್ಕೂ ಅರ್ಥವಾಗಿದೆಯೇ ಎಂದು ಮನೆಯ ಹಿರಿಯರೊಬ್ಬರನ್ನು ಕೇಳಿ. ಬರುತ್ತಿದ್ದದ್ದು ಬಾರದಂತಾಗಿದ್ದರೆ ಮಾತ್ರ ಕಾಯಬೇಡಿ: ಎರಡೂ ವಿಡಿಯೋಗಳನ್ನೂ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಮರುದಿನವೇ ವೈದ್ಯರ ಬಳಿ ಹೋಗಿ, ಇಳಿಯುವ ಮೆಟ್ಟಿಲು ಎಷ್ಟಿದ್ದದ್ದು ಎಷ್ಟಾಗಿದೆ ಎಂದು ದಿನಾಂಕ ಸಮೇತ ತೋರಿಸಿ.